ನೆರೆನಾಡಿನ ನೆರೆ

‘ನೆರೆ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಉಕ್ಕಿ ಬಂದ ಹೊಳೆಯೂ ನೆರೆ. ಪಕ್ಕದ ಮನೆಯೂ ನೆರೆ. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಉದಾಹರಣೆಯೊಂದನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನೆಹರು ನಗರದಿಂದ ಜಾಂಬೋಟಿಯ ಮಾರ್ಗವಾಗಿ ಪಡುವಣಕ್ಕೆ ಸಾಗಿದರೆ ಖಾನಾಪುರ ತಾಲೂಕಿನ ಕಣಕುಂಬಿ ದೊರೆಯುತ್ತದೆ. ಅಲ್ಲಿ ಜನಿಸುವ ಮಲಪ್ರಭೆಯು ಮೂಡಣಕ್ಕೆ ಹರಿದು, ಕೃಷ್ಣೆಯೊಡಗೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ತಾಲೂಕಿನ ಭೀಮಗಡದ ಅರಣ್ಯದಲ್ಲಿ ಹುಟ್ಟುವ ಮಹದಾಯಿಯಾದರೋ ಪಡುವಣಕ್ಕೆ ತಿರುಗಿ, ಗೋವೆಯಲ್ಲಿ ಮಾಂಡೋವಿ ಎಂದು ಹೆಸರಾಗಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಕೂಡುತ್ತಾಳೆ. ಹೀಗೆ ನಮ್ಮ ಬೆಟ್ಟದ ಮಳೆಯೇ ಪಣಜಿಯ ಹೊಳೆಯಾಗಿದೆ. ಆ ನೀರಿನ ಹಂಚಿಕೆಯ ವಾದ ಬೇರೆ. ಅದು ಉಕ್ಕಿದಾಗಿನ ಕಷ್ಟ ಬೇರೆ.

ಈ ನಂಟು ಇಂದಿನದಲ್ಲ. ಗೋವೆಯ ಕದಂಬರು ಜುವಾರಿ ನದಿಯ ದಡದ ಗೋಪಕಪಟ್ಟಣದಿಂದ ಆಳಿದರು. ಖಾನಾಪುರ ತಾಲೂಕಿನ ಹಲಸಿಯೂ ಅವರ ಆಳ್ವಿಕೆಯಲ್ಲಿ ಮುಖ್ಯ ಸ್ಥಳವಾಗಿದ್ದಿತು. ಗೋಪಕಪಟ್ಟಣವು ಕಾಲಗರ್ಭವನ್ನು ಸೇರಿತು. ಅನಂತರ ಪೋರ್ಚುಗೀಜರ ರಾಜಧಾನಿಯಾಗಿ ಮೆರೆದ ಹಳೆಯ ಗೋವೆಯು ರೋಗರುಜಿನಗಳಿಂದ ಪಾಳುಬಿದ್ದಿತು. 1843ರಲ್ಲಿ ಪಣಜಿಯು ರಾಜಧಾನಿಯಾಯಿತು. ಅದಕ್ಕೀಗ ಬಂದಿರುವ ಆತಂಕ ನೀರಿನದು.

ಪಣಜಿಯ ಬಹುಭಾಗ ತಗ್ಗುನೆಲ. ಹಿನ್ನೀರು ಆಡುತ್ತಿದ್ದ ಜಾಗವನ್ನು ತುಂಬಿ ಊರು ಬೆಳೆಯಿತು. ಕಡಲಿಗೆ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಊರಿನ ಚರಂಡಿಯ ನೀರು ಇಳಿತದ ವೇಳೆಯಲ್ಲಿ ಸರಾಗವಾಗಿ ಹೊಳೆಗೆ ಹರಿಯಬಲ್ಲುದು, ಉಬ್ಬರದಲ್ಲಿ ತಡೆಯುಂಟಾಗುತ್ತದೆ. ಆ ಹೊತ್ತಿನಲ್ಲಿಯೇ ಘಟ್ಟದ ಮಳೆಯೂ ಊರಿನ ಮಳೆಯೂ ಸೇರಿದರೆ ಮಾಳಾ ಮೊದಲಾದ ತಗ್ಗು ಕೇರಿಗಳಲ್ಲಿ ನೀರು ನಿಲ್ಲುವುದು ಸಹಜವೇ ಸರಿ.

ಈಗ ಆ ಕಡಲೇ ಏರುತ್ತಿದೆ. ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದ ಭೂಮಿ ಕಾವೇರಿದೆ. ಕಾದ ನೀರು ಹಿಗ್ಗುತ್ತದೆ, ಹಿಮದ ರಾಶಿ ಕರಗುತ್ತದೆ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ಗೇಣು, ಏರಿತು. 2006ರಿಂದ 2018ರವರೆಗಿನ ಏರಿಕೆ ವರ್ಷಕ್ಕೆ 3.7 ಮಿಲಿಮೀಟರ್. ಇದೇ ವೇಗದಲ್ಲಿ 30 ವರ್ಷ ಕಳೆದರೆ ಇನ್ನರ್ಧ ಗೇಣು. ಗೇಣೊಂದರಿಂದ ಏನಾದೀತು ಎನ್ನಬೇಡಿರಿ. ಸಮತಟ್ಟಾದ ನೆಲದಲ್ಲಿ ಚರಂಡಿಯ ಇಳಿಜಾರೇ ಅಷ್ಟು ಅಲ್ಪ. ಇದಲ್ಲದೆ, ಗಾಳಿಯ ಕಾವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 7 ಶೇಕಡಾ ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಆದುದರಿಂದ ಸುರಿಯುವಾಗ ಮಳೆ ಒಮ್ಮೆಲೇ ಸುರಿಯುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳವನ್ನು ಹೊಕ್ಕಳು. 2021ರ ಜುಲೈಯಲ್ಲಿ ಮಹದಾಯಿಯು ಉಕ್ಕಿ ಗೋವೆಯ ಸತ್ತರಿ ತಾಲೂಕಿನ ಹಳ್ಳಿಗಳನ್ನು ಮುಳುಗಿಸಿದಳು. ಒಂದೇ ಬೆಟ್ಟಸಾಲು, ಎರಡು ದಿಕ್ಕಿನ ದುಃಖ.

ಹಿರಿಯರು ಕಡಲೊಡನೆ ಬಾಳುವ ಉಪಾಯವನ್ನು ಅರಿತಿದ್ದರು. ಗೋವೆಯ ‘ಖಾಜನ್’ ಗದ್ದೆಗಳಲ್ಲಿ ಮಣ್ಣುಕಲ್ಲಿನ ಒಡ್ಡುಗಳಿವೆ. ಅವುಗಳ ತೂಬಿನ ಬಾಗಿಲು ಉಬ್ಬರದಲ್ಲಿ ತಾನಾಗಿ ಮುಚ್ಚಿ, ಇಳಿತದಲ್ಲಿ ತೆರೆಯುತ್ತದೆ. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳೂ ಇದೇ ಜಾತಿಯವು. ಅಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುತ್ತದೆ. ಒಡ್ಡನ್ನು ಊರವರೆಲ್ಲ ಕೂಡಿ ಕಾಯ್ದರೆ ಗದ್ದೆ ಉಳಿಯಿತು. ಒಬ್ಬನ ಪಾಲು ಒಡೆದರೂ ಎಲ್ಲರ ಗದ್ದೆಗೂ ಉಪ್ಪು.

ಕಡಲಿನ ಏರಿಕೆಯನ್ನು ನಮ್ಮ ಶಾಲೆಯೊಂದೇ ತಡೆಯಲಾರದು, ನಿಜ. ಖಾನಾಪುರದ ಕಾಡು ಉಳಿದರೂ ಅತಿವೃಷ್ಟಿ ನಿಲ್ಲದು. ಆದರೆ ಕಾಡಿನ ನೆಲ ಮಳೆಯನ್ನು ಹೀರಿ ಮೆಲ್ಲನೆ ಬಿಡುತ್ತದೆ. ಬೋಳು ಗುಡ್ಡ ಮಣ್ಣುಸಹಿತ ಕೆಳಗೆ ದೂಡುತ್ತದೆ. ಮೇಲಿನವನ ನಡತೆ ಕೆಳಗಿನವನ ಅಂಗಳದಲ್ಲಿ ತೋರುತ್ತದೆ. ನಮ್ಮೂರಿನಲ್ಲಿಯೂ ಹಾಗೆಯೇ: ನಾಲೆಗೆ ನಾವು ಎಸೆದ ಕಸ ಮುಂದಿನ ಓಣಿಯ ಮನೆಯೊಳಕ್ಕೆ ನೀರನ್ನು ನುಗ್ಗಿಸುತ್ತದೆ.

ವಿದ್ಯಾರ್ಥಿಗಳೇ, ಮುಂಬರುವ ಮಳೆಗಾಲದಲ್ಲಿ ಒಂದು ಕಾರ್ಯ ಮಾಡಿರಿ. ನಿಮ್ಮ ಮನೆಯ ಮುಂದಿನ ನೀರು ಯಾವ ಚರಂಡಿಯನ್ನು, ಯಾವ ನಾಲೆಯನ್ನು, ಯಾವ ಹೊಳೆಯನ್ನು ಸೇರುತ್ತದೆಂಬುದನ್ನು ನಡೆದು ನೋಡಿ ಬರೆದಿಡಿರಿ. ಆ ದಾರಿಯಲ್ಲಿ ಯಾರ ಯಾರ ಮನೆಗಳಿವೆಯೋ ಅವರೆಲ್ಲರೂ ನಿಮ್ಮ ನೆರೆಯವರು.