ಪೊಟ್ಟಣ ತಿರುಗಿಸಿ ನೋಡಿ

ಸಕ್ಕರೆ ಕಾಯಿಲೆ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ದಿನಸಿ ಅಂಗಡಿಗೆ ಹೋಗಿ ಅಕ್ಕಿಯ ಬದಲು ರಾಗಿಹಿಟ್ಟು, ಸಕ್ಕರೆಯ ಬದಲು ಬೆಲ್ಲ, ಜೊತೆಗೊಂದು 'ಶುಗರ್ ಫ್ರೀ' ಬಿಸ್ಕತ್ತು ತಂದು ನಿರಾಳರಾಗುತ್ತೀರಿ. ಎಡವುವುದು ಇಲ್ಲೇ.

ಆ ಬಿಸ್ಕತ್ತಿನ ಪೊಟ್ಟಣವನ್ನು ಒಮ್ಮೆ ತಿರುಗಿಸಿ. ಮುಂದಿನ ದಪ್ಪಕ್ಷರ ಬಿಡಿ, ಹಿಂದಿನ ಸಣ್ಣಕ್ಷರ ಓದಿ (ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಬೇಡಿ). ಸಾಮಗ್ರಿಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಅಲ್ಲಿ ಮೈದಾ ಮೊದಲಿದ್ದರೆ, ಸಕ್ಕರೆ ಇಲ್ಲದಿದ್ದರೂ ಏನು ಬಂತು? ಮೈದಾ ಹೊಟ್ಟೆಗೆ ಹೋಗಿ ಗ್ಲೂಕೋಸೇ ಆಗುತ್ತದೆ. ಪೋಷಕಾಂಶಗಳ ಪಟ್ಟಿಯಲ್ಲಿ ನೋಡಬೇಕಾದ್ದು ಸಕ್ಕರೆಯ ಸಾಲನ್ನಷ್ಟೇ ಅಲ್ಲ, ಒಟ್ಟು ಕಾರ್ಬೋಹೈಡ್ರೇಟ್ ಸಾಲನ್ನು. ಮಲ್ಟಿಗ್ರೇನ್ ಹಿಟ್ಟಿಗೂ ಇದೇ ಪರೀಕ್ಷೆ. ಎಷ್ಟೋ ಸಲ ಅದರಲ್ಲಿ ಗೋಧಿಯದ್ದೇ ಸಿಂಹಪಾಲು.

ರಾಗಿ ಒಳ್ಳೆಯದೇ. ನಾರು, ಕ್ಯಾಲ್ಸಿಯಂ ಎರಡೂ ಇವೆ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಹಾಗಾಗಿ ಮುದ್ದೆಯ ಗಾತ್ರ ಇಳಿಯಲೇಬೇಕು. ಬೆಲ್ಲದ ಮಾತೇ ಬೇಡ, ಅದು ಸಕ್ಕರೆಯ ಒಡಹುಟ್ಟು.

ಅಂಗಡಿಗೆ ಒಯ್ಯುವ ಚೀಟಿಯಲ್ಲಿ ಮೊದಲು ಸೊಪ್ಪು, ಬೆಂಡೆ, ಹೀರೆ, ಎಲೆಕೋಸು ಬರೆಯಿರಿ. ಆಮೇಲೆ ಮೊಟ್ಟೆ, ಪನೀರು, ಕಡಲೆಕಾಯಿ. ಬೇಳೆಕಾಳು ಬೇಕು, ಆದರೆ ಅಳತೆಯಲ್ಲಿ. ಹಸಿದ ಹೊಟ್ಟೆಯಲ್ಲಿ ಮಾತ್ರ ಅಂಗಡಿಗೆ ಕಾಲಿಡಬೇಡಿ.

ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ, ಮುದ್ದೆಯನ್ನು ಒಮ್ಮೆಲೇ ಬಿಡಬಾರದು. ರಕ್ತದ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬಂದೀತು. ಔಷಧಿಯ ಪ್ರಮಾಣ ಬದಲಿಸಬೇಕೇ ಎಂದು ಮೊದಲೇ ವಿಚಾರಿಸಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ತಿನ್ನಬಹುದೆಂದೂ ಅವರನ್ನೇ ಕೇಳಿ.