ವಯನಾಡಿನ ಬೆಟ್ಟದೊಳಗೆ ಬೆಂಕಿ ಇದೆಯೇ? ಸೈಕಲ್ ದಾರಿ ಕೊಡುವ ಉತ್ತರ



2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡು ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿದು ಬಂತು. 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಂಥ ಕುಸಿತಕ್ಕೆ ಮಲಯಾಳದಲ್ಲಿ 'ಉರುಳ್‌ಪೊಟ್ಟಲ್' ಅನ್ನುತ್ತಾರೆ. 'ಪೊಟ್ಟಲ್' ಅಂದರೆ ಒಡೆಯುವುದು, ಸಿಡಿಯುವುದು. ಈ ಮಾತು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬಂದಿರಬಹುದು: "ಬೆಟ್ಟ ಸಿಡಿಯಿತು ಅಂದ್ರೆ ಒಳಗೆ ಬೆಂಕಿ ಇತ್ತಾ? ಅದೇನು ಜ್ವಾಲಾಮುಖಿನಾ?"

ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಸರಿಯಾಗಿ ಗೊತ್ತಿರಬೇಕು. ಬೆಟ್ಟದಲ್ಲಿ ಬೆಂಕಿ ಇದೆ ಅಂದುಕೊಂಡವನು ಹೊಗೆ ಬರುತ್ತದೆಯೇ ಎಂದು ನೋಡುತ್ತಾನೆ. ನಿಜವಾದ ಅಪಾಯ ನೀರಿನಿಂದ ಬರುವುದಾದರೆ ಅದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಇವತ್ತು ನಾವೇ ಪುರಾವೆ ಹುಡುಕೋಣ. ಉಪಕರಣ ಒಂದೇ ಒಂದು, ಸೈಕಲ್. ನಿಜವಾಗಿ ಹೋಗಲೇಬೇಕೆಂದಿಲ್ಲ, ಗ್ರಾಫ್ ಹಾಳೆಯ ಮೇಲೆ ಹೋದರೂ ಸಾಕು.

ಮೊದಲ ಪುರಾವೆ: ದಾರಿಯ ಏರಿಳಿತ

ಕಲ್ಲಿಕೋಟೆಯಿಂದ ವಯನಾಡಿನ ಮೂಲಕ ಮೈಸೂರಿಗೆ ಬರುವ ರಸ್ತೆ ರಾಷ್ಟ್ರೀಯ ಹೆದ್ದಾರಿ 766. ಈ ದಾರಿಯ ಊರುಗಳು, ಕಲ್ಲಿಕೋಟೆಯಿಂದ ಅವುಗಳ ದೂರ ಮತ್ತು ಸಮುದ್ರಮಟ್ಟದಿಂದ ಎತ್ತರ ಇಲ್ಲಿವೆ. ಎಲ್ಲವೂ ಸುಮಾರು ಲೆಕ್ಕ.

ಕಲ್ಲಿಕೋಟೆ: 0 ಕಿ.ಮೀ., ಸಮುದ್ರಮಟ್ಟ
ಅಡಿವಾರಂ: 45 ಕಿ.ಮೀ., 100 ಮೀ.
ಲಕ್ಕಿಡಿ: 57 ಕಿ.ಮೀ., 700 ಮೀ.
ಕಲ್ಪೆಟ್ಟ: 72 ಕಿ.ಮೀ., 780 ಮೀ.
ಸುಲ್ತಾನ್ ಬತ್ತೇರಿ: 97 ಕಿ.ಮೀ., 900 ಮೀ.
ಗುಂಡ್ಲುಪೇಟೆ: 150 ಕಿ.ಮೀ., 800 ಮೀ.
ಮೈಸೂರು: 210 ಕಿ.ಮೀ., 770 ಮೀ.

ಗ್ರಾಫ್ ಹಾಳೆಯಲ್ಲಿ ದೂರವನ್ನು ಅಡ್ಡಕ್ಕೂ ಎತ್ತರವನ್ನು ಉದ್ದಕ್ಕೂ ಗುರುತಿಸಿ, ಬಿಂದುಗಳನ್ನು ಸೇರಿಸಿ. ಏನು ಕಾಣುತ್ತದೆ? ಅಡಿವಾರಂನಿಂದ ಲಕ್ಕಿಡಿವರೆಗೆ ಗೆರೆ ಗೋಡೆಯಂತೆ ಏರುತ್ತದೆ. ಇದೇ ತಾಮರಶ್ಶೇರಿ ಚುರಂ, ಅಂದರೆ ಘಾಟಿ. ಆಮೇಲೆ? ಏರಿದಷ್ಟು ಇಳಿಯುವುದೇ ಇಲ್ಲ! ಸಣ್ಣಪುಟ್ಟ ದಿಣ್ಣೆಗಳು ಬಿಟ್ಟರೆ ಮೈಸೂರಿನ ತನಕ ಹೆಚ್ಚೂಕಡಿಮೆ ಅದೇ ಎತ್ತರ. ನಾವು ಹತ್ತಿದ್ದು ಶಿಖರವನ್ನಲ್ಲ, ಒಂದು ದೊಡ್ಡ ಮೆಟ್ಟಿಲನ್ನು. ಆ ಮೆಟ್ಟಿಲಿನ ಮೇಲ್ಭಾಗವೇ ನಮ್ಮ ಪ್ರಸ್ಥಭೂಮಿ.

ಈಗ ಇದನ್ನು ನಿಜವಾದ ಜ್ವಾಲಾಮುಖಿಯೊಂದಿಗೆ ಹೋಲಿಸೋಣ. ಇಟಲಿಯ ಸಿಸಿಲಿ ದ್ವೀಪದಲ್ಲಿ ಎಟ್ನಾ ಇದೆ. ಎತ್ತರ 3300 ಮೀಟರಿಗೂ ಹೆಚ್ಚು, ಇಂದಿಗೂ ಲಾವಾ ಉಗುಳುತ್ತದೆ. 'ಜಿರೋ ದಿಟಾಲಿಯಾ' ಎಂಬ ಪ್ರಸಿದ್ಧ ಸೈಕಲ್ ಸ್ಪರ್ಧೆ ಹಲವು ಬಾರಿ ಈ ಬೆಟ್ಟ ಹತ್ತಿದೆ. ಕಡಲ ತೀರದ ಕತಾನಿಯಾ ನಗರದಿಂದ ಹೊರಟರೆ ರಸ್ತೆ ಸುಮಾರು 1900 ಮೀಟರ್ ಎತ್ತರಕ್ಕೆ ಏರುತ್ತದೆ. ಎರಡೂ ಬದಿಯಲ್ಲಿ ಕಪ್ಪು ಲಾವಾ ಕಲ್ಲು. ಆಚೆ ಬದಿಗೆ ಇಳಿದರೆ ಮತ್ತೆ ಕಡಲ ತೀರ. ಗ್ರಾಫ್ ಬರೆದರೆ ಗುಡಾರದಂತೆ ಕಾಣುತ್ತದೆ. ವಯನಾಡಿನ ಗ್ರಾಫ್ ಹಾಗಿಲ್ಲ.

ಎರಡನೇ ಪುರಾವೆ: ನದಿಗಳು

ಗುಡಾರದ ಮೇಲೆ ಮಳೆ ಬಿದ್ದರೆ ನೀರು ಸುತ್ತಲೂ ಹರಿಯುತ್ತದೆ. ಶಂಕುವಿನ ಆಕಾರದ ಜ್ವಾಲಾಮುಖಿಯಲ್ಲೂ ಹಳ್ಳಗಳು ಸೈಕಲ್ ಚಕ್ರದ ಕಡ್ಡಿಗಳಂತೆ ಎಲ್ಲ ದಿಕ್ಕಿಗೂ ಹೊರಡುತ್ತವೆ. ವಯನಾಡಿನಲ್ಲಿ ಏನಾಗುತ್ತದೆ? ಮೆಟ್ಟಿಲಿನ ಮೇಲೆ ಬಿದ್ದ ಮಳೆಯ ಬಹುಪಾಲು ನೀರು ಕಬಿನಿಯಾಗಿ ಪೂರ್ವಕ್ಕೆ ಹರಿದು, ಹೆಗ್ಗಡದೇವನಕೋಟೆ ತಾಲ್ಲೂಕು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಅಂಚಿನ ಆಚೆ ಬಿದ್ದ ನೀರು ಧುಮುಕುತ್ತಾ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ಕಡೆಗೆ ಹೋಗುತ್ತದೆ. ಇದು ಚಕ್ರದ ಕಡ್ಡಿಗಳ ಹರಿವಲ್ಲ, ಸೂರಿನಿಂದ ಬೀಳುವ ನೀರಿನ ಹರಿವು.

ಮೂರನೇ ಪುರಾವೆ: ಕಲ್ಲು

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಮೆಟ್ಟಿಲಿನ ಆಕಾರ ಇದೆ ಅಂದ ಮಾತ್ರಕ್ಕೆ 'ಲಾವಾ ಇಲ್ಲ' ಎಂದು ತೀರ್ಮಾನಿಸಲು ಬರುವುದಿಲ್ಲ. ಮಹಾರಾಷ್ಟ್ರದ ಮಹಾಬಲೇಶ್ವರದ ಘಾಟಿಯೂ ಮೆಟ್ಟಿಲೇ, ಆದರೆ ಅದು ಲಾವಾ ಪದರಗಳಿಂದಲೇ ಆದದ್ದು. ಆದ್ದರಿಂದ ಕಲ್ಲನ್ನೇ ಕೈಯಲ್ಲಿ ಹಿಡಿದು ನೋಡಬೇಕು.

ಲಾವಾ ಹೊರಗೆ ಬಂದು ಬೇಗ ತಣ್ಣಗಾದರೆ ಹರಳುಗಳು ಬೆಳೆಯಲು ಸಮಯ ಸಿಗುವುದಿಲ್ಲ. ಸಿಗುವ ಕಲ್ಲು ಕಪ್ಪಗೆ, ನುಣ್ಣಗೆ ಇರುತ್ತದೆ. ಅದೇ ಬಸಾಲ್ಟ್. ವಿಜಯಪುರದ ಗೋಳಗುಮ್ಮಟ ಕಟ್ಟಿದ್ದು ಇದೇ ಕಲ್ಲಿನಿಂದ. ಉತ್ತರ ಕರ್ನಾಟಕದಲ್ಲಿ ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಲಾವಾದಿಂದಲೇ ಆದವು. ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲ ಅದು.

ವಯನಾಡಿನಲ್ಲಿ ಹೆಚ್ಚಾಗಿ ಸಿಗುವುದು ನೈಸ್ ಎಂಬ ರೂಪಾಂತರ ಶಿಲೆ. ಒಡೆದು ನೋಡಿದರೆ ಕಪ್ಪು ಬಿಳುಪು ಪಟ್ಟೆಗಳು ಕಾಣುತ್ತವೆ. ಭೂಮಿಯ ಆಳದಲ್ಲಿ, ಭಾರೀ ಒತ್ತಡ ಮತ್ತು ಶಾಖದಲ್ಲಿ ಬದಲಾದ ಕಲ್ಲಿದು. ಅಂಬಲವಯಲ್ ಕಡೆ ಗ್ರಾನೈಟ್ ಕೂಡ ಇದೆ. ಅದು ಅಗ್ನಿಶಿಲೆ ಹೌದು, ಆದರೆ ನೆಲದಾಳದಲ್ಲೇ ನಿಧಾನವಾಗಿ ತಣ್ಣಗಾದದ್ದು, ಹಾಗಾಗಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಸುಮಾರು 2100 ಮೀಟರ್ ಎತ್ತರದ ಚೆಂಬ್ರ ಬೆಟ್ಟದ ಮೇಲೆ ಹೃದಯದ ಆಕಾರದ ಕೊಳವಿದೆಯಲ್ಲ, ಅದೂ ಜ್ವಾಲಾಮುಖಿಯ ಬಾಯಲ್ಲ.

ಮೂರು ಪುರಾವೆಗಳೂ ಒಂದೇ ಮಾತು ಹೇಳುತ್ತಿವೆ: ವಯನಾಡು ಜ್ವಾಲಾಮುಖಿಯಲ್ಲ, ಹಳೆಯ ಪ್ರಸ್ಥಭೂಮಿಯೊಂದರ ಸವೆದ ಅಂಚು.

ಒಂಬತ್ತು ತಿರುವುಗಳ ಲೆಕ್ಕ

ಈ ಅಂಚನ್ನು ಹತ್ತುವ ರಸ್ತೆಗೆ 9 ಹೇರ್‌ಪಿನ್ ತಿರುವುಗಳು. ನೇರವಾಗಿ ಯಾಕೆ ಹಾಕಲಿಲ್ಲ? ಲೆಕ್ಕ ಮಾಡಿ ನೋಡೋಣ. ನೀವು 45 ಕೆ.ಜಿ., ಸೈಕಲ್ 15 ಕೆ.ಜಿ., ಒಟ್ಟು 60 ಕೆ.ಜಿ. ಗುರುತ್ವ ವೇಗೋತ್ಕರ್ಷ 10 ಎಂದು ಇಟ್ಟುಕೊಳ್ಳಿ. ಏರಿಕೆ 600 ಮೀ.

ಮಾಡಬೇಕಾದ ಕೆಲಸ = 60 × 10 × 600 = 3,60,000 ಜೂಲ್.

12 ಕಿ.ಮೀ. ರಸ್ತೆಯಲ್ಲಿ ಹತ್ತಿದರೆ ಬೇಕಾದ ಬಲ = 3,60,000 ÷ 12,000 = 30 ನ್ಯೂಟನ್.
3 ಕಿ.ಮೀ. ನೇರ ರಸ್ತೆಯಲ್ಲಿ ಹತ್ತಿದರೆ = 3,60,000 ÷ 3,000 = 120 ನ್ಯೂಟನ್.

ಘರ್ಷಣೆ, ಗಾಳಿ ಬಿಟ್ಟು ಹಾಕಿದ ಲೆಕ್ಕ ಇದು. ಕೆಲಸ ಅಷ್ಟೇ, ಬಲ ಮಾತ್ರ ನಾಲ್ಕರಲ್ಲಿ ಒಂದು ಪಾಲು. ಇಳಿಜಾರು ಹಲಗೆಯ ಪಾಠ ನೆನಪಾಯಿತಾ? ಅದನ್ನೇ ಮಡಚಿ ಮಡಚಿ ಬೆಟ್ಟಕ್ಕೆ ಅಂಟಿಸಿದಂತೆ ಈ ಘಾಟಿ.

ಇಳಿಯುವಾಗ ಅದೇ 3,60,000 ಜೂಲ್ ಪ್ರಚ್ಛನ್ನ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು 3,15,000 ಜೂಲ್ ಸಾಕು! ಈ ಶಕ್ತಿಯಲ್ಲಿ ಒಂದು ಪಾಲು ಗಾಳಿಯ ತಡೆಗೆ ಹೋಗುತ್ತದೆ, ಉಳಿದದ್ದು ಬ್ರೇಕ್ ಮತ್ತು ಚಕ್ರದಲ್ಲಿ ಶಾಖವಾಗುತ್ತದೆ. ಅದಕ್ಕೇ ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬಾರದು. ಬಿಟ್ಟು ಬಿಟ್ಟು ಒತ್ತಿ, ಎರಡೂ ಬ್ರೇಕ್ ಬಳಸಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಹಾಗಾದರೆ ಬೆಟ್ಟ 'ಸಿಡಿದದ್ದು' ಹೇಗೆ?

ಎತ್ತರದಲ್ಲಿರುವ ಸೈಕಲ್ಲಿಗೆ ಇರುವ ಪ್ರಚ್ಛನ್ನ ಶಕ್ತಿ ಎತ್ತರದಲ್ಲಿರುವ ಮಣ್ಣಿಗೂ ಇದೆ. ಸೈಕಲ್ಲಿಗೆ ಬ್ರೇಕ್ ಇದೆ. ಮಣ್ಣಿಗೆ ಬ್ರೇಕ್ ಯಾವುದು? ಕಣಗಳ ನಡುವಿನ ಘರ್ಷಣೆ ಮತ್ತು ಮರಗಳ ಬೇರು. ಮಳೆ, ಬಿಸಿಲಿಗೆ ಕಲ್ಲು ಸವೆದು ಈ ಅಂಚಿನ ಮೇಲೆ ದಪ್ಪ ಮಣ್ಣು ಕೂತಿದೆ. ಬಿಡದೆ ಮಳೆ ಸುರಿದಾಗ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬುತ್ತದೆ. ಆ ನೀರಿನ ಒತ್ತಡ ಕಣಗಳನ್ನು ಒಂದರಿಂದೊಂದು ದೂಡುತ್ತದೆ. ಘರ್ಷಣೆ ಕಡಿಮೆಯಾಗುತ್ತದೆ, ಬ್ರೇಕ್ ಬಿಟ್ಟುಹೋಗುತ್ತದೆ. ಮಣ್ಣು, ಬಂಡೆ, ಮರ, ನೀರು ಎಲ್ಲ ಸೇರಿ ಹಳ್ಳದ ದಾರಿ ಹಿಡಿದು ನುಗ್ಗುತ್ತವೆ. ಆ ಗುಡುಗಿನಂಥ ಸದ್ದಿಗೆ ಕಾರಣ ಬೆಂಕಿಯಲ್ಲ, ಬಂಡೆಗಳ ಡಿಕ್ಕಿ.

ಇದು ವಯನಾಡಿಗೆ ಮಾತ್ರ ಸೇರಿದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ವಯನಾಡಿನದೇ ಪುತ್ತುಮಲ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಹೆದ್ದಾರಿ ಪಕ್ಕದ ಗುಡ್ಡ. ಎಲ್ಲವೂ ಮಳೆಗಾಲದಲ್ಲೇ. ಮಲೆನಾಡು, ಕರಾವಳಿಯಲ್ಲಿ ಇರುವವರು ಈ ಲಕ್ಷಣಗಳನ್ನು ನೆನಪಿಡಿ:

1. ಗುಡ್ಡದಲ್ಲಿ, ಅಂಗಳದಲ್ಲಿ ಹೊಸ ಬಿರುಕು.
2. ಮರ, ವಿದ್ಯುತ್ ಕಂಬ ವಾಲುವುದು.
3. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು.
4. ಮಳೆ ಜೋರಾಗಿದ್ದರೂ ಹಳ್ಳದ ನೀರು ತಟ್ಟನೆ ಕಡಿಮೆಯಾಗುವುದು. ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು.

ಇವು ಕಂಡರೆ ತಡ ಮಾಡದೆ ಹಿರಿಯರಿಗೆ ಹೇಳಿ. ಹಳ್ಳದ ಗುಂಟ ಕೆಳಗೆ ಓಡಬೇಡಿ, ಪಕ್ಕಕ್ಕೆ ಸರಿದು ಎತ್ತರದ ಜಾಗಕ್ಕೆ ಹೋಗಿ.

ನಿಜವಾಗಿ ಸೈಕಲ್ ಹೊಡೆಯುವವರಿಗೆ

ಜೋರು ಮಳೆಯಲ್ಲಿ ಘಾಟಿ ಬೇಡ. ಲಾರಿಗಳು ತಿರುಗುವಾಗ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತವೆ, ತಿರುವಿನಲ್ಲಿ ಅವುಗಳ ಪಕ್ಕ ನುಸುಳಬೇಡಿ. ಮುತ್ತಂಗ ಮತ್ತು ಬಂಡೀಪುರದ ಕಾಡಿನಲ್ಲಿ ಆನೆಗಳಿವೆ. ಅಲ್ಲಿ ಸೈಕಲ್ಲನ್ನು ವಾಹನದಲ್ಲಿ ಹಾಕಿಕೊಂಡು ದಾಟುವುದೇ ಕ್ಷೇಮ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ.

ಮಾಡಿ ನೋಡಿ

ಒಂದು ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ. ಅದರ ಮೇಲೆ ತೋಟದ ಮಣ್ಣನ್ನು ಎರಡು ಅಂಗುಲ ದಪ್ಪಕ್ಕೆ ಹರಡಿ. ಅಳತೆ ಲೋಟದಿಂದ ನಿಧಾನವಾಗಿ ನೀರು ಚಿಮುಕಿಸಿ. ಎಷ್ಟು ನೀರಿಗೆ ಮಣ್ಣು ಜಾರಿತು, ಬರೆದುಕೊಳ್ಳಿ. ಇಳಿಜಾರನ್ನು ಹೆಚ್ಚಿಸಿ ಮತ್ತೆ ಮಾಡಿ. ಆಮೇಲೆ ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆ ಇಟ್ಟು ಹೋಲಿಸಿ.

ಉತ್ತರಿಸಿ

1. ಮಹಾಬಲೇಶ್ವರದ ಘಾಟಿಗೂ ತಾಮರಶ್ಶೇರಿ ಘಾಟಿಗೂ ಇರುವ ಒಂದು ಹೋಲಿಕೆ, ಒಂದು ವ್ಯತ್ಯಾಸ ಬರೆಯಿರಿ.
2. ನಿಮ್ಮ ತೂಕ ಹಾಕಿ ಘಾಟಿಯ ಲೆಕ್ಕವನ್ನು ಮತ್ತೊಮ್ಮೆ ಮಾಡಿ.
3. ನಿಮ್ಮ ಊರಿನಿಂದ ತಾಲ್ಲೂಕು ಕೇಂದ್ರದವರೆಗಿನ ದಾರಿಯ ಏರಿಳಿತದ ಗ್ರಾಫ್ ಬರೆಯಿರಿ. ದಾರಿಯಲ್ಲಿ ರಸ್ತೆಗಾಗಿ ಕಡಿದ ಗುಡ್ಡ ಎಲ್ಲಿದೆ ಎಂದು ಗುರುತು ಹಾಕಿ.