ಬಾಲಕಿಯರ ಕ್ರೀಡೆ: ಪದಕಕ್ಕೆ ಮೊದಲು ಬೇಕಾದುದು

ಕೇರಳ ಸರ್ಕಾರವು 1976ರಲ್ಲಿ ಕಣ್ಣೂರಿನಲ್ಲಿ ಬಾಲಕಿಯರಿಗಾಗಿ ಕ್ರೀಡಾ ವಿಭಾಗವೊಂದನ್ನು ಆರಂಭಿಸಿತು. ಅಲ್ಲಿ ಓ.ಎಂ. ನಂಬಿಯಾರ್ ಅವರಿಂದ ತರಬೇತಿ ಪಡೆದ ಪಿ.ಟಿ. ಉಷಾ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡುಗಳಲ್ಲಿ ಮುಗಿಸಿದರು. ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಆ ಸಾಧನೆಯ ಹಿಂದೆ ಪ್ರತಿಭೆಯೊಡನೆ, ಎಳೆಯ ವಯಸ್ಸಿನಲ್ಲಿಯೇ ದೊರೆತ ಕ್ರಮಬದ್ಧ ತರಬೇತಿಯೂ ಇತ್ತು.

ಹದಿಹರೆಯದಲ್ಲಿ ಅನೇಕ ಬಾಲಕಿಯರು ಆಟವನ್ನು ತೊರೆಯುತ್ತಾರೆ. ಇದಕ್ಕೆ ಆಸಕ್ತಿಯ ಕೊರತೆಯೇ ಕಾರಣವೆಂದು ಭಾವಿಸಲಾಗದು. ಶೌಚಾಲಯವಿಲ್ಲದ ಮೈದಾನ, ಕತ್ತಲಲ್ಲಿ ಮನೆಗೆ ಮರಳುವ ಭಯ, ಮನೆಗೆಲಸದ ಹೊರೆ ಇವೂ ಅವರನ್ನು ತಡೆಯುತ್ತವೆ. ಆದುದರಿಂದ ಶಾಲೆಗಳೂ ಬಡಾವಣೆಯ ಸಂಘಗಳೂ ಈ ಅಂಶಗಳನ್ನು ಗಮನಿಸತಕ್ಕದ್ದು:

1. ಬೆಳಕಿರುವಾಗಲೇ ಮುಗಿಯುವ ಅಭ್ಯಾಸ. ಶುಚಿಯಾದ ಶೌಚಾಲಯ ಹಾಗೂ ಉಡುಪು ಬದಲಿಸುವ ಕೊಠಡಿ.

2. ಅರ್ಹ ತರಬೇತುದಾರರು, ಅವರಲ್ಲಿ ಒಬ್ಬರಾದರೂ ಮಹಿಳೆ.

3. ವಯಸ್ಸಿಗೆ ತಕ್ಕ ವ್ಯಾಯಾಮ ಮತ್ತು ವಿಶ್ರಾಂತಿ. ಸೊಪ್ಪು, ಕಾಳುಗಳಿಂದ ಕೂಡಿದ ಪೌಷ್ಟಿಕ ಆಹಾರ.

4. ದೂರನ್ನು ನಿರ್ಭಯವಾಗಿ ಹೇಳಿಕೊಳ್ಳಲು ಗೊತ್ತುಪಡಿಸಿದ ಹೊಣೆಗಾರರು.

5. ಗೆಲ್ಲುವವರಿಗೆ ಮಾತ್ರವಲ್ಲದೆ, ಬಂದ ಎಲ್ಲರಿಗೂ ಆಡುವ ಅವಕಾಶ.

ಇವುಗಳಿಗೆ ತಗಲುವ ವೆಚ್ಚ ಹೆಚ್ಚೇನಲ್ಲ. ಆದರೆ ಮಗನಿಗೆ ಮೈದಾನ, ಮಗಳಿಗೆ ಅಡುಗೆಮನೆ ಎಂಬ ವಿಂಗಡಣೆಯನ್ನು ಪಾಲಕರು ಕೈಬಿಡದ ಹೊರತು ಯಾವ ಯೋಜನೆಯೂ ಫಲಿಸಲಾರದು.